ಅಯಸ್ಕಾಂತದ ಕೋಣೆಯ ಟ್ಯೂಬಕ್ಕ

ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಅವಳು ಎಲ್ಲರಿಗೂ ಟ್ಯೂಬಕ್ಕ. ಅವಳಿಗಿಂತ ಹಿರಿಯರಾದ ಪ್ರೊಫೆಸರರಿಗೂ ಅಕ್ಕ, ನಿನ್ನೆ ಮೊನ್ನೆ ಸೇರಿದ ಸಂಶೋಧನಾ ವಿದ್ಯಾರ್ಥಿಗಳಿಗೂ ಅಕ್ಕ. ಪೆನ್ಸಿಲಿಗಿಂತ ತೆಳ್ಳಗಿನ, ಗೇಣುದ್ದದ ಗಾಜಿನ ಕೊಳವೆಗಳನ್ನು ತೊಳೆದು, ಒಣಗಿಸಿ, ಬೆಳಕಿಗೆ ಹಿಡಿದು ನೋಡಿ, ಬಿರುಕು ಬಿಟ್ಟದ್ದನ್ನು ಬದಿಗಿಡುವುದು ಅವಳ ಕೆಲಸದಲ್ಲಿ ಅರ್ಧ. ಉಳಿದರ್ಧ ಆ ಕೊಳವೆಗಳನ್ನು ಸ್ಪೆಕ್ಟ್ರೋಮೀಟರಿಗೆ ಉಣಿಸುವುದು. ಯಾವುದಾದರೂ ವಸ್ತುವನ್ನು ಕರಗಿಸಿ ಕೊಳವೆಗೆ ತುಂಬಿ ಆ ಯಂತ್ರದ ಅಯಸ್ಕಾಂತದೊಳಕ್ಕೆ ಇಳಿಬಿಟ್ಟರೆ, ಆ ವಸ್ತುವಿನೊಳಗೆ ಯಾವ ಪರಮಾಣು ಯಾವುದರ ಪಕ್ಕ ಕೂತಿದೆ ಎಂಬುದು ಕಾಗದದ ಮೇಲೆ ಏರಿಳಿಯುವ ಗೆರೆಯಾಗಿ ಮೂಡುತ್ತಿತ್ತು.

ಮೂಡುತ್ತಿತ್ತು ಎನ್ನುವುದೂ ದೊಡ್ಡ ಮಾತೇ. ಇದ್ದದ್ದು ಓಬೀರಾಯನ ಕಾಲದ ಯಂತ್ರ, ಕಬ್ಬಿಣದ ಟ್ರಂಕಿನಷ್ಟು, ಅದರ ಅಯಸ್ಕಾಂತವೂ ಚಿಕ್ಕದು. ಮೂರು ಶಿಖರಗಳು ಬೇರೆ ಬೇರೆಯಾಗಿ ನಿಲ್ಲಬೇಕಾದ ಕಡೆ ಒಂದೇ ಬೋಳು ಗುಡ್ಡ ಬರೆದು ಕೈತೊಳೆದುಕೊಳ್ಳುತ್ತಿತ್ತು. ವಿದ್ಯಾರ್ಥಿಗಳು ತಮ್ಮ ಕೊಳವೆಗಳನ್ನು ಹತ್ತಿಯಲ್ಲಿ ಸುತ್ತಿ ದೂರದ ಊರಿನ ವಿಶ್ವವಿದ್ಯಾಲಯಕ್ಕೆ ಕಳಿಸಿ, ಫಲಿತಾಂಶಕ್ಕೆ ತಿಂಗಳುಗಟ್ಟಲೆ ಬಾಯಿಬಿಟ್ಟುಕೊಂಡು ಕಾಯುತ್ತಿದ್ದರು. ದೊಡ್ಡ ಯಂತ್ರ ಬೇಕೆಂದು ವಿಭಾಗ ವರ್ಷವರ್ಷವೂ ಕೇಳುತ್ತಿತ್ತು, ವರ್ಷವರ್ಷವೂ ಇಲ್ಲವೆನಿಸಿಕೊಳ್ಳುತ್ತಿತ್ತು. ಪ್ರತಿ ಸಲವೂ ವಿಭಾಗದ ಮುಖ್ಯಸ್ಥರಿಗಿಂತ ಟ್ಯೂಬಕ್ಕನ ಮುಖವೇ ಹೆಚ್ಚು ಸಪ್ಪಗಾಗುತ್ತಿತ್ತು.

ಎಲ್ಲರೂ ಹೆಡ್ ಸರ್ ಎನ್ನುತ್ತಿದ್ದ ಆ ಮುಖ್ಯಸ್ಥರು ಧಡೂತಿ ಆಳು, ಗಂಟಲೂ ದೊಡ್ಡದು. ಮಾತಿನಷ್ಟೇ ಕೈಯನ್ನೂ ಬಳಸುವವರು. ಯಾರಿಗಾದರೂ ಏನಾದರೂ ಹೇಳಬೇಕಾದರೆ ಮೊಣಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡೇ ಹೇಳುತ್ತಿದ್ದರು. ಆ ಬೇಸಿಗೆ ರಜೆ ಮುಗಿದು ಅವಳು ಕೆಲಸಕ್ಕೆ ಬಂದ ದಿನ ಹಾಗೆಯೇ ಕಾರಿಡಾರಿನ ಮೂಲೆಗೆ ಎಳೆದುಕೊಂಡು ಹೋಗಿ, "ಬಂತು ಟ್ಯೂಬಕ್ಕ! ಮಂಜೂರಾಯ್ತು! ಅಂತೂ ಇಂತೂ ನಮಗೂ ಒಂದು ಯಂತ್ರ ಬಂತು!" ಎಂದರು. ಅವರ ಕಣ್ಣು ಒದ್ದೆಯಾಗಿತ್ತು.

ಅವಳು ನಕ್ಕಳು. ನಗುತ್ತ ನಗುತ್ತಲೇ ಅವಳ ಬಲಗೈ ಎಡ ಹೆಗಲ ಮೂಳೆಯ ಕೆಳಗೆ ತಾನಾಗಿ ಹೋಯಿತು. ಅಲ್ಲಿ ಹೊಲಿಗೆ ಇನ್ನೂ ಪೂರ್ತಿ ಮಾಗಿರಲಿಲ್ಲ.

ಆ ರಜೆಯಲ್ಲಿ ಒಂದು ಬೆಳಿಗ್ಗೆ ಅವಳು ಅಡುಗೆಮನೆಯಲ್ಲಿ ಬಿಸಿನೀರಿನ ಪಾತ್ರೆ ಇಳಿಸುತ್ತಿದ್ದವಳು ಇದ್ದಕ್ಕಿದ್ದಂತೆ ನೆಲಕ್ಕೆ ಕುಸಿದಿದ್ದಳು. ನೀರು ಆ ಕಡೆ ಚೆಲ್ಲಿದ್ದರಿಂದ ಮೈ ಸುಡಲಿಲ್ಲ, ಅಷ್ಟೆ. ಎರಡನೆಯ ಸಲ ಬಸ್ಸಿಗೆ ಕಾಯುತ್ತಿದ್ದಾಗ ಬಿದ್ದಳು. ನಿಮ್ಮ ಹೃದಯ ಆಗಾಗ ಬಡಿಯುವುದನ್ನೇ ಮರೆಯುತ್ತಿದೆ ಎಂದರು ಡಾಕ್ಟರು. ಎದೆಯ ಎಡಭಾಗದಲ್ಲಿ ಚರ್ಮದ ಕೆಳಗೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಪೇಸ್‌ಮೇಕರ್ ಇಟ್ಟು, ಅದರ ತಂತಿಯನ್ನು ಹೃದಯದೊಳಕ್ಕೆ ಇಳಿಸಿದರು. ಹೃದಯ ಮರೆತಾಗಲೆಲ್ಲ ಅದು ತಟ್ಟಿ ನೆನಪಿಸುತ್ತದೆ. ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ ಮಾತುಗಳಲ್ಲಿ ಒಂದು ಅವಳ ಕಿವಿಯಲ್ಲಿ ಮುಳ್ಳಿನಂತೆ ಉಳಿಯಿತು. "ದೊಡ್ಡ ಅಯಸ್ಕಾಂತದ ಹತ್ರ ಮಾತ್ರ ಹೋಗ್ಬೇಡಿ. ಮನೆ ಕೆಲಸ ಮಾಡಿ, ಬಸ್ಸಲ್ಲಿ ಓಡಾಡಿ, ಏನೂ ತೊಂದ್ರೆ ಇಲ್ಲ. ಅದೊಂದು ಬೇಡ."

ವಿಭಾಗಕ್ಕೆ ಮಾತ್ರ ಅವಳು ಪಿತ್ತಕೋಶದ ಕಲ್ಲು ತೆಗೆಸಿಕೊಂಡೆ ಎಂದು ಹೇಳಿದ್ದಳು. ಯಾಕೆ ಹಾಗೆ ಹೇಳಿದಳೆಂದು ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಹೃದಯ ಎಂದರೆ ಜನ ನೋಡುವ ನೋಟವೇ ಬೇರೆ, ಕಲ್ಲೆಂದರೆ ಬೇರೆ. ಸುಳ್ಳು ಹೇಳುವಾಗ ಎದುರಿಗಿರುವವರು ರಸಾಯನಶಾಸ್ತ್ರದವರು ಎಂಬುದನ್ನು ಮರೆತಿದ್ದಳು. "ಕಲ್ಲೆಲ್ಲಿ ಅಕ್ಕ? ತಂದಿದ್ರೆ ಅದರಲ್ಲಿ ಏನಿದೆ ಅಂತ ನೋಡ್ತಿದ್ವಲ್ಲ!" ಎಂದು ಸಂಶೋಧನೆಯ ಹುಡುಗಿಯೊಬ್ಬಳು ಬೆನ್ನು ಹತ್ತಿದಳು. ಎಲ್ಲದಕ್ಕೂ ಅವಸರಪಡುವ ಆ ಹುಡುಗಿಯನ್ನು ವಿಭಾಗದಲ್ಲಿ ಗಡಿಬಿಡಿ ಎಂದೇ ಕರೆಯುತ್ತಿದ್ದರು. ಕಲ್ಲನ್ನು ಆಸ್ಪತ್ರೆಯವರೇ ಬಿಸಾಡಿದರೆಂದು ಹೇಳಿ ತಪ್ಪಿಸಿಕೊಳ್ಳುವಷ್ಟರಲ್ಲಿ ಟ್ಯೂಬಕ್ಕನಿಗೆ ಬೆವರಿಳಿದಿತ್ತು.

ಯಂತ್ರ ಬರುವ ಮೊದಲು ಕೋಣೆ ಹೇಗಿರಬೇಕೆಂದು ಹೇಳುವ ಕೈಪಿಡಿ ಕಂಪನಿಯಿಂದ ಬಂತು. ಹೆಡ್ ಸರ್ ಅದನ್ನು ಅವಳ ಕೈಗೇ ಕೊಟ್ಟರು. ಎರಡನೆಯ ಪುಟದಲ್ಲೇ ಒಂದು ಚಿತ್ರವಿತ್ತು: ಕೆಂಪು ಉಂಗುರದೊಳಗೆ ಒಂದು ಹೃದಯ, ಅದರ ಮೇಲೆ ಅಡ್ಡಗೀಟು. ಕೆಳಗಿನ ಸಾಲುಗಳನ್ನು ಅವಳು ಎರಡೆರಡು ಸಲ ಓದಿದಳು. ಪೇಸ್‌ಮೇಕರ್ ಇರುವವರು ಗುರುತು ಹಾಕಿದ ಗೆರೆಯನ್ನು ಯಾವ ಕಾರಣಕ್ಕೂ ದಾಟತಕ್ಕದ್ದಲ್ಲ.

ಅಂದೇ ಹೇಳಿಬಿಡಬೇಕಿತ್ತು. ಹೇಳಬೇಕೆಂದೇ ಹೆಡ್ ಸರ್ ಕೋಣೆಯ ಬಾಗಿಲವರೆಗೆ ಹೋದಳು. ಒಳಗೆ ಅವರು ಫೋನಿನಲ್ಲಿ ಆಡಳಿತ ಕಚೇರಿಯವರೊಂದಿಗೆ ಜಗಳಕ್ಕೆ ಬಿದ್ದಿದ್ದರು. "ಹೊಸಬರು ಯಾಕ್ರೀ ಬೇಕು? ಹೊಸ ಯಂತ್ರ ಬಂದ್ರೆ ಹಳಬರನ್ನ ಸ್ಟೋರಿಗೆ ಎಸೀಬೇಕಾ? ನಮ್ಮ ಟ್ಯೂಬಕ್ಕ ನಡೆಸ್ತಾರೆ. ನಾನು ಜವಾಬ್ದಾರಿ. ಬರೆದು ಕೊಡ್ಲಾ?" ಅವಳು ಬಂದ ದಾರಿಯಲ್ಲೇ ತಿರುಗಿದಳು. ನೆಲಮಾಳಿಗೆಯ ಸ್ಟೋರು ಅವಳಿಗೆ ಗೊತ್ತಿತ್ತು. ಕಿಟಕಿಯಿಲ್ಲ, ಆಸಿಡ್ ಬಾಟಲಿಗಳ ವಾಸನೆ, ಬೆಳಗಿನಿಂದ ಸಂಜೆಯವರೆಗೆ ಬೀಕರು ಎಣಿಸುವ ಕೆಲಸ. ತನಗಾಗಿ ಒಬ್ಬರು ಅಷ್ಟು ದೊಡ್ಡ ಗಂಟಲಲ್ಲಿ ಮಾತು ಕೊಟ್ಟಮೇಲೆ, ಅವರ ಎದುರು ನಿಂತು ಆಗುವುದಿಲ್ಲ ಎನ್ನಲು ಅವಳಿಗೆ ನಾಲಿಗೆ ಬರಲಿಲ್ಲ.

ಮನೆಯಲ್ಲಿ ಗಂಡ ಕೇಳಿದ. ಅವನದು ಕನ್ನಡಕದ ಅಂಗಡಿ. ಅವನೇ ಗಾಜು ಉಜ್ಜಿ, ಅವನೇ ಫ್ರೇಮಿಗೆ ಕೂರಿಸುವವನು, ಮಾತು ಕಡಿಮೆ.

"ಆಫೀಸಲ್ಲಿ ಹೇಳಿದ್ಯಾ?"

"ಹೇಳಿದೆ ಕಣ್ರೀ. ನನ್ನನ್ನ ಆ ಯಂತ್ರದ ಹತ್ರ ಬಿಡೋದೇ ಇಲ್ವಂತೆ."

ಅವನು ತಲೆಯಾಡಿಸಿ ಊಟ ಮುಂದುವರಿಸಿದ. ಹೀಗೆ ಅವಳ ಸುಳ್ಳು ಎರಡಾಯಿತು, ಹೆದರಿಕೆಯೂ ಎರಡಾಯಿತು. ವಿಭಾಗದಲ್ಲಿದ್ದಾಗ ಅಲ್ಲಿಯವರಿಗೆ ಗೊತ್ತಾದರೆ ಎಂದು, ಮನೆಯಲ್ಲಿದ್ದಾಗ ಇವನಿಗೆ ಗೊತ್ತಾದರೆ ಎಂದು.

ಮಳೆಗಾಲ ಮುಗಿಯುವ ಹೊತ್ತಿಗೆ ಯಂತ್ರ ಬಂತು. ಬಾಗಿಲಲ್ಲಿ ಹಿಡಿಯದ ಪೆಟ್ಟಿಗೆ. ಕೋಣೆಯ ಒಂದು ಗೋಡೆಯನ್ನೇ ಒಡೆದು ಒಳಗೆ ತಂದರು. ಹಲಗೆಗಳನ್ನು ಬಿಚ್ಚಿದಾಗ ಮೂರು ಕಾಲಿನ ಮೇಲೆ ನಿಂತ ಬಿಳಿ ಉಕ್ಕಿನ ಹಂಡೆಯೊಂದು ಕಾಣಿಸಿಕೊಂಡಿತು, ಆಳಿಗಿಂತ ಎತ್ತರ. ನೋಡಲು ಪಾಪದ್ದೇ. ಅದರ ಜೊತೆ ಬಂದ ಕಂಪನಿಯ ಎಂಜಿನಿಯರ್ ಮೂವತ್ತರ ಆಸುಪಾಸಿನವನು, ನಿಧಾನಸ್ಥ. ಮೊದಲ ದಿನವೇ ಎಲ್ಲರನ್ನೂ ನಿಲ್ಲಿಸಿ ಒಬ್ಬೊಬ್ಬರನ್ನೇ ಕೇಳಿದ. "ಮೈಯಲ್ಲಿ ಪೇಸ್‌ಮೇಕರ್, ಕ್ಲಿಪ್, ಕಬ್ಬಿಣದ ಚೂರು ಏನಾದ್ರೂ ಇದೆಯಾ?"

ಹೆಡ್ ಸರ್, "ಹಲ್ಲಿನಲ್ಲಿ ಸಿಮೆಂಟಿದೆ, ತಲೇಲಿ ಮಣ್ಣಿದೆ, ಕಬ್ಬಿಣ ಇಲ್ಲ" ಎಂದರು. ಎಲ್ಲರೂ ನಕ್ಕರು. ಅವಳ ಸರದಿ ಬಂದಾಗ ಆ ನಗು ಇನ್ನೂ ಮುಗಿದಿರಲಿಲ್ಲ. "ನನಗೇನೂ ಇಲ್ಲಪ್ಪ" ಎಂದು ಅವಳೂ ನಗುವಿನೊಳಗೆ ಮಾತು ಸೇರಿಸಿಬಿಟ್ಟಳು.

ಆಮೇಲೆ ಹಂಡೆಗೆ ಚಳಿ ತುಂಬುವ ಕೆಲಸ. ಮೊದಲು ದ್ರವ ಸಾರಜನಕ, ಆಮೇಲೆ ಅದಕ್ಕಿಂತಲೂ ತಣ್ಣನೆಯ ದ್ರವ ಹೀಲಿಯಂ. ಕೊಳವೆಗಳ ಬಾಯಿಂದ ಬಿಳಿ ಮಂಜು ಉಕ್ಕಿ ನೆಲದ ಮೇಲೆ ಹರಿದಾಡುತ್ತಿತ್ತು. ಅಷ್ಟು ದಿನ ಅವಳು ಧೈರ್ಯವಾಗಿಯೇ ಓಡಾಡಿದಳು, ಯಾಕೆಂದರೆ ಅಯಸ್ಕಾಂತಕ್ಕೆ ಇನ್ನೂ ಜೀವ ಬಂದಿರಲಿಲ್ಲ. ಆಮೇಲೊಂದು ದಿನ ಎಂಜಿನಿಯರ್ ವಿದ್ಯುತ್ತನ್ನು ಸ್ವಲ್ಪಸ್ವಲ್ಪವಾಗಿ ಒಳಗೆ ಹರಿಸಿ, ಸಂಜೆ ತಂತಿಗಳನ್ನೆಲ್ಲ ಕಳಚಿ ಕೈ ಒರೆಸಿಕೊಂಡ.

"ಆಯ್ತು. ಇನ್ನು ಇದು ಹೀಗೇ ಇರುತ್ತೆ."

"ಕೆಲಸ ಇಲ್ದಾಗ ಆಫ್ ಮಾಡೋದು ಹೇಗೆ?" ಗಡಿಬಿಡಿ ಕೇಳಿದಳು.

"ಆಫ್ ಮಾಡೋಕಾಗಲ್ಲ. ಕರೆಂಟ್ ಹೋದ್ರೂ ಇರುತ್ತೆ, ನೀವು ಬೀಗ ಹಾಕ್ಕೊಂಡು ಮನೆಗೆ ಹೋದ್ರೂ ಇರುತ್ತೆ. ಇದಕ್ಕೆ ಭಾನುವಾರ ಇಲ್ಲ."

ಅವನು ಒಂದು ದಾರಕ್ಕೆ ಕಾಗದದ ಕ್ಲಿಪ್ಪನ್ನು ಕಟ್ಟಿ ಹತ್ತಿರ ಒಯ್ದ. ತೂಗಾಡುತ್ತಿದ್ದ ಕ್ಲಿಪ್ಪು ಒಮ್ಮೆಲೇ ಸೆಟೆದು, ದಾರವನ್ನು ಎಳೆದುಕೊಂಡು ಹಂಡೆಯ ಕಡೆಗೆ ಗಾಳಿಯಲ್ಲಿ ಅಡ್ಡಡ್ಡ ನಿಂತಿತು, ವಾಸನೆ ಹಿಡಿದ ನಾಯಿ ಹಗ್ಗ ಜಗ್ಗುವ ಹಾಗೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಟ್ಯೂಬಕ್ಕ ಬಾಗಿಲ ಕಡೆಗೆ ಎರಡು ಹೆಜ್ಜೆ ಹಿಂದೆ ಸರಿದಳು. ಎಂಜಿನಿಯರ್ ಅಳತೆಯ ಉಪಕರಣ ಹಿಡಿದು, ಹಂಡೆಯ ಸುತ್ತ ನೆಲದ ಮೇಲೆ ಹಳದಿ ಪಟ್ಟಿ ಅಂಟಿಸಿದ. ಹಂಡೆಯಿಂದ ಗೆರೆಗೆ ಎರಡು ದೊಡ್ಡ ಹೆಜ್ಜೆ ದೂರ.

ಅಲ್ಲಿಂದ ಮುಂದಿನ ದಿನಗಳಲ್ಲಿ ಅವಳು ಹೂಡದ ನೆಪವಿಲ್ಲ. ಕೊಳವೆ ಇಳಿಸಬೇಕಾದಾಗ "ನೀನೇ ಇಳಿಸು, ಕಲಿತಂಗಾಗುತ್ತೆ" ಎಂದು ಗಡಿಬಿಡಿಯನ್ನು ಮುಂದೆ ತಳ್ಳಿದಳು. ಒಮ್ಮೆ ಕಾಲು ಉಳುಕಿದೆ ಎಂದಳು. ಇನ್ನೊಮ್ಮೆ ಯಾರೋ ಕರೆದರೆಂದು ಹೊರಗೆ ಓಡಿದಳು. ಕಂಪ್ಯೂಟರಿನ ಮೇಜು ಗೆರೆಯಿಂದ ಬಹಳ ಆಚೆಯೇನೂ ಇರಲಿಲ್ಲ. ಕುರ್ಚಿಯಲ್ಲಿ ಕೂತರೆ ಹಂಡೆ ಬೆನ್ನ ಹಿಂದೆ. ಬೆನ್ನ ಮೇಲೆ ಯಾರೋ ಕಣ್ಣಿಟ್ಟ ಹಾಗೆ ಅನಿಸಿ, ಅವಳು ಕೆಲಸದ ನಡುವೆ ತಿರುಗಿ ತಿರುಗಿ ನೋಡುತ್ತಿದ್ದಳು. ಮೆಟ್ಟಿಲು ಹತ್ತುವಾಗ ಎದೆ ಜೋರಾಗಿ ಬಡಿದರೂ, ಇದು ಮೆಟ್ಟಿಲಿನದೋ ಅಯಸ್ಕಾಂತದ್ದೋ ಎಂದು ಮಣಿಕಟ್ಟು ಹಿಡಿದು ನಿಲ್ಲುತ್ತಿದ್ದಳು. ಊಟದ ರುಚಿ ಹೋಯಿತು. ಕಾಲೇಜಿಗೆ ಹೋಗುವ ಮಗಳು, "ಅಮ್ಮಾ, ಹೊಸ ಯಂತ್ರ ಬಂದಮೇಲೆ ನೀನು ಯಂತ್ರದ ಜೊತೆ ಮಾತ್ರ ಮಾತಾಡೋದಾ?" ಎಂದು ಮುನಿಸಿಕೊಂಡಳು.

ಉದ್ಘಾಟನೆಯ ದಿನ ಕುಲಪತಿಗಳು ಬಂದರು. ಕೋಣೆಯ ಹೊರಗಿನ ಮೇಜಿನ ಮೇಲೆ ಟ್ರೇ ಇಟ್ಟು, ಎಂಜಿನಿಯರ್ ಅತಿಥಿಗಳ ಕೈಗಡಿಯಾರ, ಫೋನು, ಬೀಗದ ಕೈಗಳನ್ನು ಇಸಿದುಕೊಳ್ಳುತ್ತಿದ್ದ. ರಿಬ್ಬನ್ ಕತ್ತರಿಸಿ ಆಯಿತು, ಭಾಷಣ ಆಯಿತು, ಚಹಾ ಆಯಿತು. ಟ್ಯೂಬಕ್ಕ ಬಾಗಿಲಿಗೆ ಬೆನ್ನು ಕೊಟ್ಟು, ಎಲ್ಲರಿಗಿಂತ ಹಿಂದೆ ನಿಂತಿದ್ದಳು. ಇನ್ನೇನು ಮುಗಿಯಿತು, ಗೆದ್ದೆ ಎಂದುಕೊಳ್ಳುವಾಗ ಫೋಟೋದವನು, "ಯಂತ್ರದ ಮುಂದೆ ಒಂದು ಗ್ರೂಪ್ ಫೋಟೋ" ಎಂದ.

ಹೆಡ್ ಸರ್ ಸುತ್ತ ಕಣ್ಣಾಡಿಸಿದರು. "ಟ್ಯೂಬಕ್ಕ ಎಲ್ಲಿ? ಅವರಿಲ್ದೇ ಫೋಟೋನಾ?"

"ನಾನಿಲ್ಲೇ ಇರ್ತೀನಿ ಸರ್. ನನ್ನ ಮುಖ ಫೋಟೋಗೆ ಚೆನ್ನಾಗಿ ಬರಲ್ಲ."

"ನಮ್ಮದೇನು ಚೆನ್ನಾಗಿ ಬರುತ್ತಾ? ಬನ್ನಿ, ಬನ್ನಿ!"

"ಬೇಡ ಸರ್, ನಿಜವಾಗ್ಲೂ—"

ಅವರು ಬಂದು ಮೊಣಕೈ ಹಿಡಿದೇಬಿಟ್ಟರು. ಕುಲಪತಿಗಳು ನಗುತ್ತ ನೋಡುತ್ತಿದ್ದರು. ಕಿರುಚಬೇಕಿತ್ತು, ಕೈ ಕೊಸರಿಕೊಂಡು ಓಡಬೇಕಿತ್ತು. ಅಷ್ಟು ಜನರ ಎದುರು ಅದನ್ನು ಮಾಡುವುದು ಅವಳಿಗೆ ಸಾಯುವುದಕ್ಕಿಂತ ಕಷ್ಟವಾಯಿತು. ಹಳದಿ ಗೆರೆ ತನ್ನ ಚಪ್ಪಲಿಯ ಕೆಳಗೆ ಹಾದುಹೋಗುವುದನ್ನು ಅವಳು ಕಣ್ಣಾರೆ ಕಂಡಳು. ಹೆಡ್ ಸರ್ ಅವಳನ್ನು ಹಂಡೆಗೂ ತಮಗೂ ನಡುವೆ ನಿಲ್ಲಿಸಿದರು. ಎಡ ಹೆಗಲಿಗೆ ತಣ್ಣನೆಯ ಉಕ್ಕು ತಾಗಿತು.

ಎದೆಯೊಳಗೆ ಏನೋ ಬದಲಾಯಿತು.

ಹೆದರಿಕೆಗೆ ಹೊಡೆದುಕೊಳ್ಳುವ ಎದೆ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಷ್ಟು ತಿಂಗಳಿಂದ ಅದರ ಜೊತೆಯಲ್ಲೇ ಬಾಳಿದ್ದಳು. ಇದು ಅದಲ್ಲ. ಹೆದರಿಕೆಯ ಬಡಿತ ಏರುತ್ತದೆ, ಎಡವುತ್ತದೆ, ಇಳಿಯುತ್ತದೆ. ಇದು ಹೊಲಿಗೆ ಯಂತ್ರದ ಸೂಜಿಯಂತೆ ಒಂದೇ ಸಮನೆ, ಬಿರುಸಾಗಿ, ಅವಳ ಪರಿವೆಯೇ ಇಲ್ಲದೆ ಬಡಿಯತೊಡಗಿತು. ತನ್ನ ಎದೆಯಲ್ಲಿ ಬೇರೆ ಯಾರದೋ ಕೈ ಕೆಲಸ ಮಾಡುತ್ತಿದೆ. ಚರ್ಮದ ಕೆಳಗಿನ ಆ ಚಿಕ್ಕ ವಸ್ತುವನ್ನು ಯಾರೋ ಮೆತ್ತಗೆ ಜಗ್ಗಿದ ಹಾಗೂ ಆಯಿತು, ನಿಜವೋ ಭ್ರಮೆಯೋ. ಇದು ನಿಂತುಹೋದರೆ? ಈಗ, ಈ ನಗುವಿನ ನಡುವೆ, ಇಲ್ಲೇ ನಿಂತುಹೋದರೆ? ಮಗಳ ಮುನಿಸು ಇನ್ನೂ ಇಳಿದಿಲ್ಲವಲ್ಲ ಎಂಬುದೊಂದೇ ಅವಳ ತಲೆಯಲ್ಲಿ ಸುತ್ತಿತು.

"ಇನ್ನೊಂದು, ಇನ್ನೊಂದು! ಅಕ್ಕಾ, ಸ್ವಲ್ಪ ನಗಿ!"

ಅವಳು ಹಲ್ಲು ತೋರಿಸಿದಳು. ಎರಡನೆಯ ಸಲ ಬೆಳಕು ಮಿಂಚಿದ್ದೇ ತಡ, ಕುಲಪತಿಗಳ ಮುಂದೆಯೇ ಹಾದು, ಯಾರ ಕಾಲನ್ನೋ ತುಳಿದು ಹೊರಗೆ ಬಂದುಬಿಟ್ಟಳು. ಗೆರೆ ದಾಟಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಆ ಪರಕೀಯ ಬಡಿತ ಬಂದ ಹಾಗೆಯೇ ಹೋಯಿತು. ಉಳಿದದ್ದು ಅವಳದೇ ಎದೆಯ ಡವಡವ. ಕಾರಿಡಾರಿನ ಬೆಂಚಿನ ಮೇಲೆ ಕುಸಿದು, ಎಡ ಹೆಗಲ ಕೆಳಗೆ ಅಂಗೈ ಒತ್ತಿ ಹಿಡಿದಳು.

ನೀರಿನ ಲೋಟವೊಂದು ಕಣ್ಣ ಮುಂದೆ ಬಂತು. ಹಿಡಿದಿದ್ದವನು ಎಂಜಿನಿಯರ್.

"ಮೇಡಂ, ನಿಮ್ಮ ಎದೇಲಿ ಏನಾದ್ರೂ ಇದೆಯಾ?"

"ಏನಿಲ್ಲಪ್ಪ. ಗ್ಯಾಸ್ಟ್ರಿಕ್ಕು."

ಅವನು ಪಕ್ಕದಲ್ಲಿ ಕೂತ. "ಗ್ಯಾಸ್ಟ್ರಿಕ್ ಆದವ್ರು ಹೊಟ್ಟೆ ಹಿಡ್ಕೋತಾರೆ. ನೀವು ಹಿಡ್ಕೊಂಡಿರೋ ಜಾಗಾನೇ ನಮ್ಮಪ್ಪನೂ ಹಿಡ್ಕೋತಾರೆ. ಅವರಿಗೂ ಹಾಕಿದಾರೆ."

ಅವಳು ಲೋಟ ತೆಗೆದುಕೊಂಡಳು. ನೀರು ಕುಡಿಯಲು ಹೋದರೆ ಲೋಟ ಹಲ್ಲಿಗೆ ಕಟಕಟ ತಾಗಿತು.

"ಮೊದಲನೇ ದಿನಾನೇ ಕೇಳಿದ್ನಲ್ಲ ನಾನು. ಯಾಕೆ ಹೇಳ್ಲಿಲ್ಲ?"

"ಕೆಲಸ ಹೋಗುತ್ತೆ ಅಂತ."

"ಜೀವ ಹೋಗಿದ್ರೆ?" ಅವನ ದನಿಯೂ ನಡುಗಿತು. ಅವನೂ ಹೆದರಿದ್ದಾನೆಂದು ಅವಳಿಗೆ ಆಗಲೇ ಗೊತ್ತಾದದ್ದು. "ನೋಡಿ, ಗೊತ್ತಿದ್ದೂ ನಾನು ಬಾಯಿ ಮುಚ್ಕೊಂಡಿರೋ ಹಾಗಿಲ್ಲ. ಆದ್ರೆ ನಾನು ಹೇಳೋದಕ್ಕಿಂತ ನೀವೇ ಹೇಳಿದ್ರೆ ಚೆನ್ನಾಗಿರುತ್ತೆ. ನಾಳೆ ಬೆಳಿಗ್ಗೆ ತರಬೇತಿ ಶುರು ಮಾಡ್ತೀನಿ. ಅಷ್ಟರೊಳಗೆ ನಿಮ್ಮ ಹೆಡ್‌ಗೆ ಹೇಳ್ಬಿಡಿ. ಇವತ್ತೇ ಡಾಕ್ಟರ ಹತ್ರಾನೂ ಹೋಗಿ."

ಡಾಕ್ಟರು ಪರೀಕ್ಷೆ ಮಾಡಿ ಎಲ್ಲ ಸರಿಯಿದೆ ಎಂದರು, ಆಮೇಲೆ ಚೆನ್ನಾಗಿ ಬೈದರು. ಬಲವಾದ ಅಯಸ್ಕಾಂತದ ಹತ್ತಿರ ಹೋದರೆ ಪೇಸ್‌ಮೇಕರ್ ಹೃದಯದ ಮಾತು ಕೇಳುವುದನ್ನು ಬಿಟ್ಟು ತನ್ನ ಪಾಡಿಗೆ ತಾನು ಬಡಿಯುತ್ತದಂತೆ. "ಬೇಗ ಹೊರಗೆ ಬಂದ್ರಿ, ಬಚಾವಾದ್ರಿ" ಎಂದರು. ಅಲ್ಲಿಂದ ಅವಳು ಮನೆಗೆ ಹೋಗದೆ ನೇರವಾಗಿ ಗಂಡನ ಅಂಗಡಿಗೆ ನಡೆದಳು. ಮುದುಕರೊಬ್ಬರು ಕನ್ನಡಕ ಹಾಕಿ ತೆಗೆದು, ಹಾಕಿ ತೆಗೆದು ಮಾಡುತ್ತಿದ್ದರು. ಅವರು ಹೋಗುವವರೆಗೆ ಸ್ಟೂಲಿನ ಮೇಲೆ ಕೂತಿದ್ದಳು. ಗಂಡ ಒಂದು ಫ್ರೇಮಿನ ಕಡ್ಡಿಗೆ ಎಳ್ಳಿನಷ್ಟು ಸ್ಕ್ರೂ ತಿರುಗಿಸುತ್ತ, "ಏನು, ಈ ಕಡೆ?" ಎಂದ.

ಅವಳು ಎಲ್ಲವನ್ನೂ ಹೇಳಿದಳು. ಕಲ್ಲಿನ ಸುಳ್ಳು, ಅವನಿಗೆ ಹೇಳಿದ ಸುಳ್ಳು, ಎಂಜಿನಿಯರಿಗೆ ಹೇಳಿದ್ದು, ಫೋಟೋ, ಬಡಿತ. ಅವನ ಕೈಯಿಂದ ಸ್ಕ್ರೂ ಜಾರಿ ನೆಲಕ್ಕೆ ಬಿತ್ತು. ಅವನು ಮಂಡಿಯೂರಿ, ನೆಲದ ಮೇಲೆ ಅಂಗೈ ಸವರುತ್ತ ಸ್ಕ್ರೂ ಹುಡುಕತೊಡಗಿದ. ಅವಳೂ ಪಕ್ಕದಲ್ಲಿ ಕೂತು ಹುಡುಕಿದಳು.

"ಆ ಅಯಸ್ಕಾಂತದ ಕಡ್ಡಿ ಎಲ್ರೀ? ಅದರಲ್ಲಿ ಎತ್ತಿದ್ರೆ ಬೇಗ ಸಿಗುತ್ತಲ್ಲ."

"ಬಿಸಾಡಿದೆ."

"ಯಾವಾಗ?"

"ನಿನ್ನ ಆಪರೇಷನ್ ಆದ ವಾರ." ಅವನು ತಲೆಯೆತ್ತಲಿಲ್ಲ. "ನೀನು ಅಂಗಡಿಗೆ ಬಂದಾಗ ಎಲ್ಲಾದ್ರೂ ತಾಗೀತು ಅಂತ."

ಕಡ್ಡಿಯ ತುದಿಯ ಬಟಾಣಿಯಷ್ಟು ಅಯಸ್ಕಾಂತಕ್ಕೆ ಹೆದರಿ ಇಷ್ಟು ತಿಂಗಳು ಅವನು ಹೀಗೆ ಮಂಡಿಯೂರಿ ಬರಿಗೈಯಲ್ಲಿ ಸ್ಕ್ರೂ ಹೆಕ್ಕುತ್ತಿದ್ದ. ಅವಳಿಗೆ ತಡೆಯಲಾಗಲಿಲ್ಲ. ಅಂಗಡಿಯ ನೆಲದ ಮೇಲೆಯೇ ಬಿಕ್ಕಿ ಬಿಕ್ಕಿ ಅತ್ತಳು. ಅವನು ಎದ್ದು ಹೋಗಿ ಷಟರನ್ನು ಅರ್ಧಕ್ಕೆ ಎಳೆದು ಬಂದ.

"ಅಳಬೇಡ. ಆಸ್ಪತ್ರೆ ಹೊರಗೆ ಕೂತಿದ್ದಾಗ ನನ್ನ ಜೀವ ಬಾಯಿಗೆ ಬಂದಿತ್ತು. ಇನ್ಮೇಲೆ ಅದಕ್ಕಿಂತ ದೊಡ್ಡ ಹೆದರಿಕೆ ಇರಲ್ಲ ಅಂದ್ಕೊಂಡಿದ್ದೆ." ಅವಳನ್ನು ಎಬ್ಬಿಸಿ ಸ್ಟೂಲಿನ ಮೇಲೆ ಕೂರಿಸಿ, "ನಾಳೆ ನಾನೂ ಬರ್ಲಾ?" ಎಂದ.

"ಬೇಡ. ನಾನೇ ಹೇಳ್ತೀನಿ."

ಮರುದಿನ ಬೆಳಿಗ್ಗೆ ಅವಳು ಹೆಡ್ ಸರ್ ಎದುರು ಹೋಗಿ ಕೂತಳು. ಅವರು ನಿನ್ನೆಯ ಗೆಲುವಿನ ಗುಂಗಿನಲ್ಲಿದ್ದರು. ಅವಳು ರಜೆ ಕೇಳಲು ಬಂದಿದ್ದಾಳೆಂದುಕೊಂಡು, "ಎಷ್ಟು ದಿನ ಬೇಕು ತಗೊಳ್ಳಿ" ಎಂದುಬಿಟ್ಟರು.

"ಸರ್, ನನಗೆ ಕಲ್ಲಾಗಿರ್ಲಿಲ್ಲ. ಎದೇಲಿ ಪೇಸ್‌ಮೇಕರ್ ಇದೆ."

ಅವರು ಅರ್ಥವಾಗದೆ ನೋಡಿದರು. ಆಮೇಲೆ ಅರ್ಥವಾಯಿತು. ಆ ದೊಡ್ಡ ಮುಖದಿಂದ ರಕ್ತ ಇಳಿದುಹೋಗುವುದನ್ನು ಅವಳು ನೋಡಿದಳು. ಅವರು ತಮ್ಮ ಬಲಗೈಯನ್ನು ಮೇಜಿನ ಮೇಲಿಟ್ಟು, ಅದು ಇನ್ನೊಬ್ಬರದೆಂಬಂತೆ ದಿಟ್ಟಿಸಿದರು.

"ಈ ಕೈಯಲ್ಲೇ ಎಳೆದ್ನಲ್ಲ ಅಕ್ಕ... ಕೊಂದೇಬಿಡ್ತಿದ್ನಲ್ಲ."

"ನಿಮಗೆ ಗೊತ್ತಿರ್ಲಿಲ್ಲ ಸರ್."

"ಯಾಕೆ ಗೊತ್ತಿರ್ಲಿಲ್ಲ?" ಈಗ ಗಂಟಲು ಏರಿತು. "ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಸ್ಟೋರಿಗೆ ಕಳಿಸ್ತೀರಿ ಅಂತ ಹೆದರಿಕೆ ಆಯ್ತು."

"ಕಳಿಸ್ತಿದ್ದೆ! ಖಂಡಿತ ಕಳಿಸ್ತಿದ್ದೆ!"

ಹೇಳಿದಂತೆಯೇ ಕಳಿಸಿದರು. ಅಂದಿನಿಂದ ಆ ಕಾರಿಡಾರಿಗೆ ಕಾಲಿಡಕೂಡದೆಂದರು. ಅವಳು ನೆಲಮಾಳಿಗೆಯ ಸ್ಟೋರಿನಲ್ಲಿ ಬೀಕರು ಎಣಿಸುತ್ತ ಕೂತಳು. ಅಷ್ಟು ದಿನ ಯಾವುದಕ್ಕೆ ಹೆದರಿದ್ದಳೋ ಅದೇ ಆಗಿತ್ತು; ಆದರೂ ಅವಳಿಗೆ ಮೊದಲ ವಾರ ಹೊಟ್ಟೆತುಂಬ ಊಟ ಸೇರಿತು. ಆಮೇಲೆ ಬೇರೊಂದು ಭಯ ಮೆಲ್ಲಗೆ ಕಾಡತೊಡಗಿತು. ಇನ್ನುಳಿದ ವರ್ಷಗಳೆಲ್ಲ ಹೀಗೇ ಆಸಿಡ್ ವಾಸನೆಯಲ್ಲಿ ಕಳೆದುಹೋಗುತ್ತವೆಯೇ ಎಂದು. ಹೆಡ್ ಸರ್ ಎದುರಿಗೆ ಸಿಕ್ಕಾಗಲೆಲ್ಲ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮಾತಾಡುತ್ತಿದ್ದರು. ಯಾರ ಮೊಣಕೈಯನ್ನೂ ಅವರು ಈಗ ಹಿಡಿಯುತ್ತಿರಲಿಲ್ಲ.

ದಾರಿ ತೋರಿಸಿದವನು ಎಂಜಿನಿಯರ್. ಊರಿಗೆ ಹೊರಡುವ ಮುನ್ನ ಅವನು ಪಕ್ಕದ ಕೋಣೆಯಲ್ಲೆಲ್ಲ ಅಳತೆ ತೆಗೆದು, ಅಲ್ಲಿ ಅಯಸ್ಕಾಂತದ ಬಲ ಇಲ್ಲವೆನ್ನುವಷ್ಟು ಕಡಿಮೆ ಎಂದು ಹೆಡ್ ಸರ್‌ಗೆ ತೋರಿಸಿದ. ಡಾಕ್ಟರನ್ನು ಕೇಳಿದ್ದಕ್ಕೆ, ಅಲ್ಲಿ ಕೂರಬಹುದು, ಗೆರೆಯ ಹತ್ತಿರ ಸುಳಿಯಬಾರದು ಎಂದರು. ಯಂತ್ರ ತರಲು ಒಡೆದಿದ್ದ ಗೋಡೆ ಹೇಗೂ ಎರಡು ಕೋಣೆಗಳ ನಡುವಿನದೇ, ಅದನ್ನು ಇನ್ನೂ ಪೂರ್ತಿ ಕಟ್ಟಿಯೂ ಇರಲಿಲ್ಲ. ಅರ್ಧ ಕಟ್ಟಿ, ಮೇಲರ್ಧಕ್ಕೆ ಗಾಜು ಹಾಕಿಸಿದರು. ಕಂಪ್ಯೂಟರ್ ಈಚೆಗೆ ಬಂತು. ಟ್ಯೂಬಕ್ಕನೂ ನೆಲಮಾಳಿಗೆಯಿಂದ ಮೇಲೆ ಬಂದಳು.

ಆಚೆ ಕೊಳವೆ ಇಳಿಸುವ ಕೆಲಸ ಗಡಿಬಿಡಿಯದಾಯಿತು. ಮೊದಲ ದಿನ ಗಾಜಿನ ಆಚೆ ಆ ಹುಡುಗಿ ಏಣಿ ಹತ್ತುವುದನ್ನು ನೋಡುತ್ತಿದ್ದಂತೆ ಟ್ಯೂಬಕ್ಕನ ಎದೆ ಮತ್ತೆ ಹೊಡೆದುಕೊಳ್ಳತೊಡಗಿತು. ಎಲ್ಲಾದರೂ ಎಡವಿದರೆ, ಕೊಳವೆ ಒಳಗೇ ಮುರಿದರೆ! "ನಿಧಾನ ಕಣೇ! ನೆಟ್ಟಗೆ ಹಿಡಿ! ಉಸಿರು ಬಿಡಬೇಡ!" ಎಂದು ಈಚೆಯಿಂದ ಕೂಗಿದಳು. ಗಡಿಬಿಡಿ ಕೆಳಗಿಳಿದು ಬಂದು, "ಅಕ್ಕಾ, ಉಸಿರು ಬಿಡ್ದೇ ನಾನೇ ಸತ್ತುಹೋಗ್ತಿದ್ದೆ" ಎಂದು ನಕ್ಕಳು. ಅವಳು ತಯಾರಿಸಿದ್ದ ವಸ್ತುವಿಗೆ ಹಳೆಯ ಯಂತ್ರ ಒಂದೇ ಗುಡ್ಡ ಬರೆದುಕೊಟ್ಟಿತ್ತು. ಈಗ ಪರದೆಯ ಮೇಲೆ ಒಂದೊಂದಾಗಿ ಶಿಖರಗಳು ಎದ್ದು ನಿಂತವು, ಸೂಜಿಮೊನೆಯ ಹಾಗೆ ಚೂಪಾಗಿ, ನಡುವೆ ಬಯಲು ಬಿಟ್ಟುಕೊಂಡು. ಇಬ್ಬರೂ ಒಂದೊಂದರ ಮೇಲೂ ಬೆರಳಿಟ್ಟು ಎಣಿಸಿದರು.

ಹೆದರಿಕೆ ಪೂರ್ತಿ ಹೋಯಿತೇ ಎಂದರೆ ಇಲ್ಲ. ಕಾರಿಡಾರಿನಲ್ಲಿ ನಡೆಯುವಾಗ ಅವಳು ಇಂದಿಗೂ ಆಚೆ ಗೋಡೆಗೆ ಅಂಟಿಕೊಂಡೇ ನಡೆಯುತ್ತಾಳೆ. ಅದನ್ನು ಅಣಕಿಸುವವರೂ ಇದ್ದಾರೆ.

ಆ ಚಳಿಗಾಲದಲ್ಲಿ ಒಂದು ಸಂಜೆ ಅವಳ ಗಂಡ ಅಂಗಡಿ ಮುಚ್ಚಿ ಬಂದ. ನಿನ್ನನ್ನು ಅಷ್ಟು ಕಾಡಿಸಿದ್ದು ಯಾವುದು, ತೋರಿಸು ಎಂದ. ಗಡಿಬಿಡಿ ಅವನನ್ನು ಬಾಗಿಲಲ್ಲಿ ನಿಲ್ಲಿಸಿ ಜೇಬು ಖಾಲಿ ಮಾಡಿಸಿದಳು. ಸಣ್ಣ ಸ್ಕ್ರೂಡ್ರೈವರು, ಚಿಮಟ, ಬೀಗದ ಕೈ, ಚಿಲ್ಲರೆ, ಒಂದು ಹಿಡಿ ಸ್ಕ್ರೂ. ಕೊನೆಗೆ ಅವನ ಉಕ್ಕಿನ ಚೌಕಟ್ಟಿನ ಕನ್ನಡಕವನ್ನೂ ತೆಗೆಸಿದಳು. ಅವನು ಕಣ್ಣು ಕಿರಿದು ಮಾಡಿಕೊಂಡು, ತಡವರಿಸುತ್ತ ಒಳಗೆ ಹೋದ. ಗಾಜಿನ ಈಚೆ ಅವಳು ಎರಡೂ ಅಂಗೈಗಳನ್ನು ಗಾಜಿಗೆ ಒತ್ತಿ ನಿಂತಿದ್ದಳು. ಅವನು ಹಳದಿ ಗೆರೆ ದಾಟಿದ. ಅವನ ಮೈಯಲ್ಲಿ ಏನೂ ಇಲ್ಲ, ಅವನಿಗೆ ಏನೂ ಆಗುವುದಿಲ್ಲ, ಎಲ್ಲ ಗೊತ್ತು. ಆದರೂ ಅವನು ಹಂಡೆಯ ಮೇಲೆ ಕೈಯಿಟ್ಟಾಗ ಅವಳ ಉಸಿರು ನಿಂತುಹೋಯಿತು. ಅಂಥ ಭಯ ಅವಳಿಗೆ ತನಗಾಗಿ ಯಾವತ್ತೂ ಆಗಿರಲಿಲ್ಲ.

ಅವನು ಹೊರಗೆ ಬಂದು ಕನ್ನಡಕ ಹಾಕಿಕೊಂಡ.

"ಹೇಗಿದೆ?" ಅವಳು ಕೇಳಿದಳು.

"ಏನೋ ಬೆಳ್ಳಗೆ ಇತ್ತು" ಎಂದ ಅವನು. "ಕನ್ನಡಕ ಇಲ್ದೇ ನನಗೇನು ಕಾಣುತ್ತೆ? ನಡಿ, ಹೊತ್ತಾಯ್ತು."

ಅವಳು ಕಂಪ್ಯೂಟರ್ ಮುಚ್ಚಿ, ಚೀಲ ತೆಗೆದುಕೊಂಡು ಅವನ ಜೊತೆ ಮೆಟ್ಟಿಲಿಳಿದಳು. ಗಾಜಿನ ಮೇಲೆ ಅವಳ ಒದ್ದೆ ಅಂಗೈಗಳ ಗುರುತು ಇನ್ನೂ ಆರಿರಲಿಲ್ಲ.